ಎರಡು ವಾರಕ್ಕೊಮ್ಮೆ

ಬಚ್ಚಲಿನ ಕನ್ನಡಿಯ ಮುಂದೆ ಆ ಒಂದು ವಾಕ್ಯವನ್ನು ಅವನು ಬೆಳಗಿನಿಂದ ಕಡಿಮೆಯೆಂದರೂ ನಾನೂರು ಸಲ ಹೇಳಿದ್ದ. "ಅದನ್ನು ತಪ್ಪು ಬರೆದವನು ನಾನು." ನಾಲ್ಕೇ ಪದ. ಮಾತು ಕಲಿಯುತ್ತಿರುವ ಮಗುವೂ ಒಂದೇ ಉಸಿರಿನಲ್ಲಿ ಹೇಳಿ ಆಟಕ್ಕೆ ಓಡಿಬಿಡುವಂಥದ್ದು. ಆದರೆ ನೀರು ಸರಬರಾಜು ಮಂಡಳಿಯ ಕಾರ್ಯದರ್ಶಿಗೆ, ಇಪ್ಪತ್ತೆರಡು ವರ್ಷಗಳಿಂದ ಮಂಡಳಿಯ ಸಭೆಗಳ ನಡಾವಳಿ ಬರೆದು ಬೆಟ್ಟ ಮಾಡಿದವನಿಗೆ, ಆ ಕೊನೆಯ 'ನಾನು' ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಅಡ್ಡ ನಿಲ್ಲುತ್ತಿತ್ತು. ಅದು ಬಂದಾಗ ಉಳಿದ ಮೂರು ಕೈಕೊಡುತ್ತಿದ್ದವು. ಮೂರೂ ಬಂದಾಗ ಅದು ಬರುತ್ತಿರಲಿಲ್ಲ. ಮುನ್ನೂರೋ ನಾನೂರೋ ಆದಮೇಲೆ ನಾಲಿಗೆ ತಾನಾಗಿಯೇ "ಅದು ತಪ್ಪಾಗಿ ಬರೆಯಲ್ಪಟ್ಟಿತು" ಎಂದು ಹೊರಳಿಬಿಟ್ಟಿತು. ಕೆನ್ನೆಯ ಮೇಲೆ ಸಾಬೂನಿನ ನೊರೆ ಒಣಗಿ ಬಿರಿಯುತ್ತಿತ್ತು. ಬಾಗಿಲ ಆಚೆ ಹೆಂಡತಿ, "ಒಳಗೆ ಯಾರ ಜತೆ ಮಾತಾಡ್ತಿದೀರಿ?" ಎಂದಳು. ಯಾರೂ ಇಲ್ಲ ಎಂದ. ಅಷ್ಟು ಹೊತ್ತೂ ನಲ್ಲಿ ಸುರಿಯುತ್ತಲೇ ಇತ್ತೆಂದು ಆಗ ತಿಳಿಯಿತು. ಅವನ ಮನೆ ಊರಿನ ದೊಡ್ಡ ನೀರಿನ ಟ್ಯಾಂಕಿನ ಬುಡದಲ್ಲೇ. ಆ ಬೀದಿಗೆ ಸರದಿಯೆಂಬುದೇ ಇಲ್ಲ, ನಲ್ಲಿ ತಿರುಗಿಸಿದರೆ ನೀರು ಕುದುರೆಯ ಹಾಗೆ ಹಾರಿ ಬರುತ್ತದೆ. ಅವನು ಕಳ್ಳನ ಹಾಗೆ ಆಚೆ ಈಚೆ ನೋಡಿ ಅದನ್ನು ತಿರುಪಿದ. ಇನ್ನೊಂದು ಸುತ್ತು ತಿರುಪಿದ. ಊರಿನ ಇನ್ನೊಂದು ತುದಿಯಲ್ಲಿರುವ ಬಾಲದ ಬೀದಿಯವರು ಈ ಶಬ್ದವನ್ನು ಕೇಳಿದ್ದರೆ ಏನು ಮಾಡುತ್ತಿದ್ದರು ಎಂದುಕೊಂಡ, ಬಾಲದ ಬೀದಿಯಲ್ಲಿ ತನ್ನ ಅಕ್ಕನೂ ಇದ್ದಾಳೆಂಬುದನ್ನು ನೆನೆಯದಿರಲು ಮುಖವನ್ನು ಟವೆಲಿನಿಂದ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡ.

ಅವನಷ್ಟು ಸೊಗಸಾಗಿ ನಡಾವಳಿ ಬರೆಯುವವನು ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ. ಬೇಕಿದ್ದವರು ಪಂದ್ಯ ಕಟ್ಟಬಹುದು. ಸಭೆಯಲ್ಲಿ ಇಬ್ಬರು ಸದಸ್ಯರು ಕಾಲರು ಹಿಡಿದುಕೊಂಡು ಮೇಜಿನ ಮೇಲೆ ಹತ್ತಿದರೆ ಅವನ ಪುಸ್ತಕದಲ್ಲಿ ಅದು 'ವಿಷಯವನ್ನು ಆಸಕ್ತಿಯಿಂದ ಚರ್ಚಿಸಲಾಯಿತು'. ಅಧ್ಯಕ್ಷರು ಗೊರಕೆ ಹೊಡೆದರೆ 'ಪೀಠದಿಂದ ಸಮ್ಮತಿ ಸೂಚಿಸಲಾಯಿತು'. ಮುಖ್ಯ ಪೈಪು ಒಡೆದು ಮೂರು ದಿನ ಬೀದಿಯಲ್ಲಿ ದೋಣಿ ಬಿಡುವಂತಾದರೆ 'ಗಮನಿಸಲಾಯಿತು'. ಎಂಥ ಕಿಚ್ಚೇ ಇರಲಿ, ಒಂದು 'ಲಾಯಿತು' ಹಾಕಿ ತಣ್ಣಗೆ ಮಾಡಿ ಮಲಗಿಸಿಬಿಡುತ್ತಿದ್ದ. ಅವನ ನಡಾವಳಿಗಳಲ್ಲಿ ಎಲ್ಲವೂ ಆಗುತ್ತಿತ್ತು, ಯಾರೂ ಏನನ್ನೂ ಮಾಡುತ್ತಿರಲಿಲ್ಲ. ಕಚೇರಿಯವರು ಬೆನ್ನ ಹಿಂದೆ ಅವನನ್ನು 'ಲಾಯ್ತು ಸಾರ್' ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಬಿರುದೆಂದೇ ಭಾವಿಸಿದ್ದ. ಮೂರು ವಾರದ ಕೆಳಗೆ ಮಾತ್ರ ಮೆಟ್ಟಿಲ ತಿರುವಿನಲ್ಲಿ ಯಾರೋ ಹಾಗೆಂದು ನಕ್ಕದ್ದು ಕಿವಿಗೆ ಬಿದ್ದು, ತನ್ನ ಅಂಗಿಯ ಬೆನ್ನಲ್ಲಿ ದೊಡ್ಡ ತೂತಿದೆ ಎಂದು ತಿಳಿದವನ ಹಾಗೆ ಗೋಡೆಗೆ ಒತ್ತಿಕೊಂಡು ನಡೆದಿದ್ದ.

ಎಲ್ಲಕ್ಕೂ ಮೂಲ ಒಂದು ಬಿಸ್ಕತ್ತು. ನಾಚಿಕೆಗೇಡು, ಆದರೆ ಅದೇ ನಿಜ. ನಾಲ್ಕೂವರೆ ತಿಂಗಳ ಹಿಂದಿನ ಸಭೆ. ಕೆರೆಯ ಮಟ್ಟ ಇಳಿದಿತ್ತು, ಬೀದಿ ಬೀದಿಗೆ ನೀರಿನ ಸರದಿ ಕಡಿಮೆ ಮಾಡುವುದಿತ್ತು. ಅಧ್ಯಕ್ಷರೂ ಸೇರಿ ಸದಸ್ಯರು ಒಂಬತ್ತು ಮಂದಿ. ಚಹಾದ ಜತೆ ತಟ್ಟೆಯಲ್ಲಿ ಬಿಸ್ಕತ್ತು ಸುತ್ತು ಬರುತ್ತಿತ್ತು. ಅವನ ಮುಂದೆ ಬಂದಾಗ ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು, ಅವರೂ ಒಬ್ಬ ಸದಸ್ಯರು, ತಟ್ಟೆಯನ್ನು ಅವನ ಮೂಗಿನ ಕೆಳಗಿನಿಂದ ಹಾಗೇ ದಾಟಿಸಿ, ಕಾರ್ಯದರ್ಶಿಗಳು ಬರೀತಿದಾರೆ, ಪುಸ್ತಕದ ಮೇಲೆ ಪುಡಿ ಉದುರಿದರೆ ಅದನ್ನೂ ನಿರ್ಣಯ ಅಂತ ಅಂಗೀಕರಿಸಬೇಕಾಗುತ್ತೆ ಎಂದರು. ಒಂಬತ್ತು ಬಾಯಿಗಳು ಬಿಸ್ಕತ್ತು ತುಂಬಿಕೊಂಡೇ ನಕ್ಕವು. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ. ಅವನಿಗೆ ಬಿಸ್ಕತ್ತು ಬೇಕಾಗಿಯೇ ಇರಲಿಲ್ಲ. ಆದರೆ ಕೈ ಅರ್ಧ ಮೇಲೆದ್ದಿತ್ತು, ಬೆರಳು ಅಗಲವಾಗಿತ್ತು. ಆ ಕೈಯನ್ನು ಈಗ ಎಲ್ಲಿಡುವುದು? ಕನ್ನಡಕ ಸರಿಮಾಡಿಕೊಳ್ಳುವವನಂತೆ ಮುಖದ ಕಡೆ ಒಯ್ದ. ಕನ್ನಡಕ ಮೇಜಿನ ಮೇಲಿತ್ತು. ಸರಿಯಾಗಿ ಆ ಗಳಿಗೆಯಲ್ಲೇ ಅಧ್ಯಕ್ಷರು, "ಬಾಲದ ಬೀದಿಗೆ ವಾರಕ್ಕೆ ಎರಡು ಸಲ ಬಿಡ್ರಿ" ಎಂದದ್ದು. ಪೈಪಿನ ಕಟ್ಟಕಡೆಯಲ್ಲಿರುವುದರಿಂದ ಅದಕ್ಕೆ ಆ ಹೆಸರು. ಅವನ ಕಿವಿ ಕೇಳಿಸಿಕೊಂಡಿತು, ಆದರೆ ಮನಸ್ಸು ಹಲ್ಲಿನ ಡಾಕ್ಟರಿಗೆ ಕೊಡಬೇಕಾಗಿದ್ದ ಉತ್ತರದ ಹದಿನೇಳನೆಯ ಕರಡಿನಲ್ಲಿತ್ತು. 'ವಾರಕ್ಕೆ ಎರಡು ಸಲ' ಎಂಬುದು ತೀರ ಬೀದಿಯ ಮಾತಾಯಿತು, ಸ್ವಲ್ಪ ತೂಕ ಬರಲಿ ಎಂದು ಕೈ ತನ್ನಷ್ಟಕ್ಕೆ ಪದಗಳನ್ನು ಹಿಂದೆ ಮುಂದೆ ಮಾಡಿತು. 'ಸದರಿ ಬೀದಿಗೆ ಎರಡು ವಾರಕ್ಕೊಮ್ಮೆ ನೀರು ಬಿಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಎಷ್ಟು ಗಂಭೀರ, ಎಷ್ಟು ದುಂಡು ಅಕ್ಷರ. ಟೈಪಿಸ್ಟ್ ಅದನ್ನು ಹಾಗೇ ಅಚ್ಚು ಮಾಡಿದಳು, ಅಧ್ಯಕ್ಷರು ಹಾಗೇ ರುಜು ಹಾಕಿದರು, ಮುಂದಿನ ಸಭೆಯಲ್ಲಿ ಒಂಬತ್ತು ಮಂದಿಯೂ ಓದದೆ 'ಓದಿ ದೃಢೀಕರಿಸಲಾಯಿತು'. ವಾರಕ್ಕೆ ಎರಡು ಸಲ ಬರಬೇಕಾದ ನೀರು ಎರಡು ವಾರಕ್ಕೆ ಒಂದು ಸಲ ಬರತೊಡಗಿತು. ಪದಗಳು ಹೆಚ್ಚುಕಡಿಮೆ ಅವೇ, ಜಾಗ ಬೇರೆ.

ಯಾರೂ ಕೇಳಲಿಲ್ಲ ಎನ್ನುವಂತೆಯೂ ಇರಲಿಲ್ಲ. ಕೇಳಿದವನು ನೀರುಗಂಟಿ, ಬೀದಿಬೀದಿಯ ವಾಲ್ವು ತೆರೆದು ಮುಚ್ಚುವವನು. ಭುಜದ ಮೇಲೆ ಮನುಷ್ಯನಷ್ಟು ಎತ್ತರದ ಕಬ್ಬಿಣದ ಕೀಲಿ ಹೊತ್ತು ತಿರುಗಿ ತಿರುಗಿ ಒಂದು ಪಕ್ಕಕ್ಕೆ ವಾಲಿಹೋದ ಆಳು. ಆದೇಶದ ಪ್ರತಿ ಹಿಡಿದು ಬಂದು ಮೇಜಿನ ಎದುರು ನಿಂತು, ಸಾರ್, ಇದು ಸರೀನಾ, ಜನ ಹೆಂಗೆ ಇರ್ತಾರೆ ಎಂದಿದ್ದ. ಕಾರ್ಯದರ್ಶಿ ತಲೆ ಎತ್ತಿರಲಿಲ್ಲ. "ಬರೆದದ್ದನ್ನ ಓದೋಕೆ ಬರುತ್ತಲ್ಲ ನಿನಗೆ?" ಎಂದಿದ್ದ. ಆ ಮಾತು ಈಗ ದಿನಕ್ಕೆ ಸಾವಿರ ಸಲ ವಾಪಸ್ಸು ಬರುತ್ತದೆ. ಬಸ್ಸಿನ ಬೋರ್ಡು ನೋಡಿದರೆ, ಔಷಧಿಯ ಚೀಟಿ ನೋಡಿದರೆ, ಓದೋಕೆ ಬರುತ್ತಲ್ಲ ನಿನಗೆ? ಆಮೇಲೆ ಬಾಲದ ಬೀದಿಯಿಂದ ದೂರು ಬಂತು, ಮತ್ತೊಂದು ಬಂತು. ನಿರ್ಣಯದ ಪ್ರಕಾರವೇ ನೀರು ಬಿಡಲಾಗುತ್ತಿದೆ ಎಂದು ಅವನೇ ಉತ್ತರ ಬರೆದ. ತಿಂಗಳ ವರದಿಯಲ್ಲಿ ಆ ಬೀದಿಯ ಎದುರು ನಿರ್ಣಯ ಪಾಲನೆ ನೂರಕ್ಕೆ ನೂರು ಎಂದು ತುಂಬಿದ. ಊರಿನ ಬೇರೆ ಯಾವ ಬೀದಿಗೂ ಅಷ್ಟು ಅಂಕ ಬಂದಿರಲಿಲ್ಲ, ಅಧ್ಯಕ್ಷರು ಅದನ್ನು ಓದಿ ಶಹಬ್ಬಾಸ್ ಎಂದಿದ್ದರು. ಮೂರನೆಯ ದೂರಿಗೆ ಉತ್ತರ ಬರೆಯುವಾಗ ನಿರ್ಣಯದ ಸಂಖ್ಯೆ ನೋಡೋಣವೆಂದು ಹಳೆಯ ಪುಸ್ತಕ ಬಿಚ್ಚಿದ. ತನ್ನದೇ ಅಕ್ಷರ ತನ್ನನ್ನು ನೋಡಿತು. ಅಧ್ಯಕ್ಷರು ಅಂದದ್ದು ವಾರಕ್ಕೆ ಎರಡು ಸಲ ಎಂದು ಆಗ ನೆನಪಾಯಿತು. ಪುಸ್ತಕವನ್ನು ಮುಚ್ಚಿ ಅದರ ಮೇಲೆ ಎರಡೂ ಮೊಣಕೈ ಊರಿ ಕೂತ, ಒಳಗಿರುವುದು ಎದ್ದು ಹೊರಗೆ ಬಂದೀತೆಂಬಂತೆ. ತಪ್ಪು ಯಾರಿಂದ ಆಗುವುದಿಲ್ಲ? ಅಷ್ಟಕ್ಕೇ ನಿಂತಿದ್ದರೆ ಅವನು ಮನುಷ್ಯನಾಗಿಯೇ ಉಳಿಯುತ್ತಿದ್ದ. ಅವನು ಪೆನ್ನು ತೆಗೆದು ಆ ಮೂರನೆಯ ಉತ್ತರವನ್ನೂ ಬರೆದು ಮುಗಿಸಿದ. ನಿರ್ಣಯದ ಪ್ರಕಾರವೇ ನೀರು ಬಿಡಲಾಗುತ್ತಿದೆ. ಆಗ ಗೊತ್ತಿತ್ತು.

ಅದಕ್ಕಿಂತ ಮುಂಚೆ, ಗೊತ್ತಿಲ್ಲದಾಗ, ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋಗಿದ್ದ. ಅಕ್ಕ ಲೋಟದಲ್ಲಿ ನೀರು ಕೊಟ್ಟಳು. ಅರ್ಧ ಕುಡಿದು, ಬಾಯಿ ಮುಕ್ಕಳಿಸಿ, ಉಳಿದದ್ದನ್ನು ಮೆಟ್ಟಿಲ ಪಕ್ಕದ ಚರಂಡಿಗೆ ಚೆಲ್ಲಿದ. ಏನು ಮಹಾ, ಜನ್ಮವಿಡೀ ಹಾಗೇ ಮಾಡಿದ್ದಾನೆ. ಎದುರು ಮನೆಯ ಜಗಲಿಯಲ್ಲಿ ಮಾತಾಡುತ್ತಿದ್ದ ಮೂವರು ಹೆಂಗಸರು ತಟ್ಟನೆ ಮಾತು ನಿಲ್ಲಿಸಿದರು. ಆರು ಕಣ್ಣುಗಳು ಆ ನೀರಿನ ಜತೆ ಚರಂಡಿಯುದ್ದಕ್ಕೂ ಹರಿದುಹೋದವು. ಇವನು ಅದನ್ನು ಗೌರವವೆಂದು ತಿಳಿದು ಕತ್ತು ನೆಟ್ಟಗೆ ಮಾಡಿಕೊಂಡಿದ್ದ. ಮಂಡಳಿಯ ಕಾರ್ಯದರ್ಶಿಯೆಂದರೆ ಕಡಿಮೆಯೇ? ಅಕ್ಕ ಖಾಲಿ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು, ತೊಳೆಯದೆ, ಬೋರಲು ಹಾಕಿದಳು. ಅಕ್ಕ, ಮಡಿಲಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದವಳು, ಹೊಳೆಯುವವರೆಗೂ ಪಾತ್ರೆ ಬಿಡದವಳು. ಇಷ್ಟಾದರೂ ಅವನಿಗೆ ಹೊಳೆಯಲಿಲ್ಲವಲ್ಲ ಎಂದು ಈಗ ಕಚೇರಿಯ ದಾರಿಯಲ್ಲಿ ನಡೆಯುತ್ತ ಅವನು ಎಷ್ಟು ಜೋರಾಗಿ ತಲೆ ಕೊಡವಿದನೆಂದರೆ ಎದುರಿನಿಂದ ಬರುತ್ತಿದ್ದ ಸೈಕಲ್ಲಿನವನು ತನಗೇ ಬೇಡವೆಂದನೆಂದು ತಿಳಿದು ಪಕ್ಕಕ್ಕೆ ಸರಿದ. ಇವತ್ತಿನ ಸಭೆಯಲ್ಲಿ ನಾಲ್ಕನೆಯ ವಿಷಯ ಬಾಲದ ಬೀದಿಯ ಅರ್ಜಿ. ನೂರ ಹನ್ನೆರಡು ರುಜು. ಅವನು ಅದನ್ನು ಭೂತಗನ್ನಡಿ ಹಿಡಿದವನಂತೆ ಮೂರು ಸಲ ಜಾಲಾಡಿದ್ದ. ಅಕ್ಕನ ರುಜು ಅದರಲ್ಲಿರಲಿಲ್ಲ. ಮೊದಲು ಉಸಿರು ಬಿಟ್ಟ. ಆಮೇಲೆ ಆ ಉಸಿರಿಗೆ ನಾಚಿಕೊಂಡ. ನೀರುಗಂಟಿಯೇ ವಾಲ್ವು ತೆರೆಯದೆ ಸೋಮಾರಿತನ ಮಾಡುತ್ತಿದ್ದಾನೆ, ಅವನನ್ನು ಕರೆಸಿ ಕೇಳೋಣ, ಬೇಕಾದರೆ ಮನೆಗೆ ಕಳಿಸೋಣ ಎಂದು ಅಧ್ಯಕ್ಷರು ನಿನ್ನೆಯೇ ಹೇಳಿಯಾಗಿತ್ತು. ಹಾಗಾಗಿ ಇವತ್ತು ಆ ನಾಲ್ಕು ಪದ ಹೇಳಲೇಬೇಕು. ಹೇಳಿದರೆ ಬೀದಿಗೆ ನೀರು, ನೀರುಗಂಟಿಗೆ ಅನ್ನ. ಹೇಳದಿದ್ದರೆ, ಎಂದುಕೊಂಡು ಮುಂದಕ್ಕೆ ಯೋಚಿಸದೆ ಮೆಟ್ಟಿಲು ಹತ್ತಿದ.

ಟೈಪಿಸ್ಟ್ ಆಗಲೇ ಬಂದು ಒಂಬತ್ತು ಪ್ರತಿಗಳನ್ನು ಪಿನ್ನು ಚುಚ್ಚಿ ಜೋಡಿಸುತ್ತಿದ್ದಳು. ಅವಳಿಗೆ ಮೂವತ್ತನಾಲ್ಕು ವರ್ಷ, ಆದರೂ ಮಂಡಳಿಗೆ 'ಟೈಪಿಸ್ಟ್ ಹುಡುಗಿ'ಯೇ; ಹಂಗಾಮಿ ನೌಕರರಿಗೆ ವಯಸ್ಸಾಗುವುದಿಲ್ಲ. ಆರು ವರ್ಷ ಹಂಗಾಮಿಯಾಗಿ ಸವೆದು, ಬರುವ ತಿಂಗಳು ಖಾಯಂ ಆಗುವವರ ಪಟ್ಟಿಯಲ್ಲಿ ಹೆಸರು ಬಂದಿತ್ತು. ಅವಳ ಬೆರಳು ತಪ್ಪು ಮಾಡಿದ್ದನ್ನು ಕಂಡವರೇ ಇಲ್ಲ. ಭೂಕಂಪವಾದರೂ ಅಲ್ಪವಿರಾಮವನ್ನು ಅದರ ಜಾಗದಲ್ಲೇ ಒತ್ತುವ ಬೆರಳು. ಮುಖ ಯಾಕೋ ಬಾಡಿದೆ ಸಾರ್ ಎಂದಳು. ಹೀಗೇ ಎಂದ.

ಸಭೆಯ ಕೋಣೆಯಲ್ಲಿ ಯಥಾಪ್ರಕಾರ ಒಂಬತ್ತು ನೀರಿನ ಬಾಟಲಿ, ಒಂಬತ್ತು ಬೋರಲು ಲೋಟ. ಮಂಡಳಿಯವರು ಮಂಡಳಿಯ ನಲ್ಲಿಯ ನೀರು ಕುಡಿದದ್ದನ್ನು ಇತಿಹಾಸ ಕಂಡಿಲ್ಲ. ಮೊದಲ ಮೂರು ವಿಷಯಗಳು ಗಂಟೆಗಟ್ಟಲೆ ನಡೆದವು. ಟ್ಯಾಂಕಿಗೆ ಬಳಿಯುವ ಬಣ್ಣ ನೀಲಿಯೋ ತಿಳಿನೀಲಿಯೋ ಎಂಬುದಕ್ಕೇ ಒಂದು ಯುಗ ಹಿಡಿಯಿತು. ಅವನು ಬರೆಯುತ್ತಿದ್ದ, ಕೈ ತಾನಾಗಿ ಚರ್ಚಿಸಲಾಯಿತು ಪರಿಶೀಲಿಸಲಾಯಿತು ಎನ್ನುತ್ತಿತ್ತು, ನಾಲಿಗೆ ಮಾತ್ರ ಬಾಯೊಳಗೆ ಆ ನಾಲ್ಕು ಪದಗಳನ್ನು ಕಡಲೆಯ ಹಾಗೆ ಉರುಳಿಸುತ್ತಿತ್ತು. ನಾಲ್ಕನೆಯ ವಿಷಯಕ್ಕೆ ನೀರುಗಂಟಿಯನ್ನು ಒಳಗೆ ಕರೆದರು. ಕೀಲಿಯನ್ನು ಬಾಗಿಲ ಹೊರಗೆ ಒರಗಿಸಿ ಬಂದಿದ್ದ. ಅದಿಲ್ಲದೆ ಅವನ ವಾಲಿದ ಭುಜ ಇನ್ನಷ್ಟು ವಾಲಿದಂತಿತ್ತು. ನೂರ ಹನ್ನೆರಡು ಜನ ಬಾಯಿಬಾಯಿ ಬಡಕೊಳ್ತಿದಾರೆ, ನೀನು ಎಲ್ಲಿ ಮಲಗಿರ್ತೀಯ ಎಂದು ಅಧ್ಯಕ್ಷರು ಶುರು ಮಾಡಿದರು. ನೀರುಗಂಟಿ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಆದೇಶದ ಪ್ರತಿ ತೆಗೆದು, ಬಿಚ್ಚಿ, ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದ. ಅಧ್ಯಕ್ಷರು ಓದಿದರು. ಮತ್ತೆ ಓದಿದರು. ಕೆಳಗಿದ್ದ ತಮ್ಮದೇ ರುಜುವನ್ನು, ಹೆಸರು ಮರೆತುಹೋದ ಹಳೆಯ ಗೆಳೆಯನನ್ನು ನೋಡುವಂತೆ ನೋಡಿದರು. ಕಾಗದ ಕೈಯಿಂದ ಕೈಗೆ ಸುತ್ತು ಬಂತು.  ನಾವು ಎರಡು ವಾರಕ್ಕೊಮ್ಮೆ ಅಂದಿದ್ದೆವಾ ಎಂದು ಯಾರೋ ಕೇಳಿದರು. ಇಲ್ಲಪ್ಪ ಎಂದು ಯಾರೋ. ಮತ್ತೆ ದೃಢೀಕರಿಸಿದೆವಲ್ಲ ಎಂದು ಇನ್ಯಾರೋ. ಹದಿನೆಂಟು ಕಣ್ಣುಗಳೂ ಒಟ್ಟಿಗೆ ಅವನ ಮೇಲೆ ಬಂದು ಕೂತವು.

"ಏನ್ರೀ ಇದು?" ಎಂದರು ಅಧ್ಯಕ್ಷರು.

ಅವನು ಎದ್ದು ನಿಂತ. ಮೊಣಕಾಲು ಮೇಜಿಗೆ ಬಡಿದು ಒಂಬತ್ತು ಲೋಟಗಳೂ ಕಿಣಿಕಿಣಿಯೆಂದವು. ಬಾಯಿ ತೆರೆದ. ನಾನೂರು ಸಲ ಸಾಣೆ ಹಿಡಿದ ವಾಕ್ಯ ಹೊಟ್ಟೆಯಿಂದ ಎದ್ದು, ಎದೆ ದಾಟಿ, ಗಂಟಲಿನವರೆಗೆ ಬಂದದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅಲ್ಲಿ ಏನೋ ತಿರುವು. "ತಪ್ಪಾಗಿದೆ ಸಾರ್" ಎಂದ.

"ಯಾರಿಂದ?"

"ಬರಹದಲ್ಲಿ" ಎಂದ ಅವನು.

ಇಂಥ ಉತ್ತರ ಕೊಟ್ಟವನಿಗೆ ಬೇರೆ ಸಂದರ್ಭದಲ್ಲಾದರೆ ಶಾಲು ಹೊದಿಸಬಹುದಿತ್ತು. ಯಾರಿಂದ ಎಂದರೆ ಬರಹದಲ್ಲಿ! ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನೇ ಬೆರಗಾದ. ಇನ್ನೊಂದು ಗಳಿಗೆ ಕೊಟ್ಟಿದ್ದರೆ, ಒಂದೇ ಒಂದು ಗಳಿಗೆ, ಸರಿಪಡಿಸಿಕೊಳ್ಳುತ್ತಿದ್ದ. ಹಾಗೆಂದು ಮಧ್ಯಾಹ್ನವಿಡೀ ಅವನು ತನಗೆ ತಾನು ಪ್ರಮಾಣ ಮಾಡಿಕೊಂಡ. ಆದರೆ ಮೂಲೆಯಲ್ಲಿದ್ದ ಎಂಜಿನಿಯರು, ಊಟದ ಹೊತ್ತು ಮೀರುತ್ತಿದೆಯೆಂದು ಗಡಿಯಾರ ನೋಡುತ್ತಿದ್ದವರು, ಟೈಪಲ್ಲಿ ಆಗಿರುತ್ತೆ ಬಿಡಿ ಸಾರ್ ಎಂದುಬಿಟ್ಟರು. ಒಂಬತ್ತು ಎದೆಗಳಿಂದ ಒಂಬತ್ತು ಚೀಲ ಗಾಳಿ ಹೊರಗೆ ಬಂತು. ಹೌದು ಹೌದು, ಟೈಪಲ್ಲೇ. ಆ ಹುಡುಗಿ. ಈಗಿನವರಿಗೆ ಗಮನ ಎಲ್ಲಿ. ಹಲ್ಲಿನ ಡಾಕ್ಟರು ತಮ್ಮ ಆಸ್ಪತ್ರೆಯ ಬೋರ್ಡಿನಲ್ಲಿ ಹಲ್ಲು ಹೋಗಿ ಹಳ್ಳು ಆದ ಕಥೆ ಹೇಳಿದರು. ಟೈಪಿಂಗೇನ್ರೀ ಎಂದು ಅಧ್ಯಕ್ಷರು ಅವನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಪ್ರಶ್ನೆಗಿಂತ ಬೇಡಿಕೆಯೇ ಇತ್ತು. ಅವನ ತಲೆ ಅಲ್ಲಾಡಿತು. ಹೌದೆಂದು ಅಲ್ಲಾಡಿತೋ ಇಲ್ಲವೆಂದೋ ತಲೆಗೇ ಗೊತ್ತಿರಲಿಲ್ಲ. ನೋಡಿದವರೆಲ್ಲ ಹೌದೆಂದು ಓದಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ನೀರುಗಂಟಿ ಮಾತ್ರ ಅವನನ್ನೇ ನೋಡುತ್ತಿದ್ದ, ಸಿಟ್ಟಿನಿಂದಲ್ಲ. ಒಣಗಿದ ಪೈಪಿಗೆ ಕಿವಿಯಿಟ್ಟು ಒಳಗೆ ಏನಾದರೂ ಬರುತ್ತಿದೆಯೇ ಎಂದು ಕೇಳುವವನ ತಾಳ್ಮೆಯಿಂದ. ಆಮೇಲೆ ತನ್ನ ಕಾಗದವನ್ನು ಮೇಜಿನಿಂದ ತೆಗೆದು ಮಡಿಸಿ ಒಳಜೇಬಿಗೆ ಇಟ್ಟುಕೊಂಡ. ಬೀದಿಗೆ ಇವತ್ತಿನಿಂದಲೇ ಸರಿಯಾದ ಸರದಿ, ಮೂರು ಗಂಟೆಗೆ ವಾಲ್ವು ತೆರೆಯುವುದು, ಕಾರ್ಯದರ್ಶಿಗಳೇ ಖುದ್ದಾಗಿ ಹೋಗಿ ನೋಡಿಬರುವುದು, ಟೈಪಿಸ್ಟಿಗೆ ಖಾಯಮಾತಿ ತಡೆಯುವ ಮೆಮೊ ಎಂದು ತೀರ್ಮಾನವಾಯಿತು. 'ಬೆರಳಚ್ಚಿನಲ್ಲಿ ಲೋಪ ಉಂಟಾಗಿರುವುದನ್ನು ವಿಷಾದದಿಂದ ಗಮನಿಸಲಾಯಿತು' ಎಂದು ಅವನು ಬರೆದ. ಅಕ್ಷರ ಒಂದಿಷ್ಟೂ ನಡುಗಲಿಲ್ಲ. ಅದೇ ಅವನಿಗೆ ಹೇಸಿಗೆಯೆನಿಸಿತು.

ಮೆಮೊ ಟೈಪು ಮಾಡಲು ಕಚೇರಿಯಲ್ಲಿ ಇದ್ದದ್ದು ಒಬ್ಬಳೇ ಟೈಪಿಸ್ಟ್.

ಇದನ್ನು ಅವನು ಎರಡೂವರೆ ಗಂಟೆಯವರೆಗೂ ಯೋಚಿಸಿರಲಿಲ್ಲ. ಕರಡು ಬರೆದು ಕೈಯಲ್ಲಿ ಹಿಡಿದುಕೊಂಡು ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ಹತ್ತು ಮೈಲಿಯಾದರೂ ನಡೆದಿರಬೇಕು. ಕೊನೆಗೆ ಅವಳ ಮೇಜಿನ ಮೇಲೆ ಇಟ್ಟು, ಅರ್ಜೆಂಟು ಎಂದು ಮಾತ್ರ ಹೇಳಿ, ಕಿಟಕಿಯ ಕಡೆ ತಿರುಗಿ ನಿಂತ. ಹಿಂದೆ ಕಾಗದದ ಸದ್ದು ನಿಂತಿತು. ಅವಳು ಓದುತ್ತಿದ್ದಾಳೆ. ಈಗ ತನ್ನ ಹೆಸರಿಗೆ ಬಂದಿರಬೇಕು. ಈಗ 'ಖಾಯಮಾತಿಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ' ಎಂಬಲ್ಲಿಗೆ. ಕೂಗಲಿ, ಕಾಗದ ಹರಿದು ಮುಖಕ್ಕೆ ಎಸೆಯಲಿ, ಅವನು ಅದಕ್ಕಾಗಿ ಬೆನ್ನು ಬಾಗಿಸಿ ಕಾದ. ಕೀಲಿಮಣೆಯ ಟಕಟಕ ಶುರುವಾಯಿತು. ಯಾವಾಗಿನ ವೇಗವೇ. ಎರಡು ಸಾಲಾದ ಮೇಲೆ ನಿಂತಿತು.

"ಸಾರ್, ಇಲ್ಲಿ 'ನಿರ್ಲಕ್ಷ್ಯ' ಅಂತ ಹಾಕ್ಲಾ, 'ಅಜಾಗರೂಕತೆ' ಅಂತ ಹಾಕ್ಲಾ? ಮೇಲೆ ಒಂದು ಇದೆ, ಕೆಳಗೆ ಒಂದು ಇದೆ."

"ಯಾವುದಾದರೂ."

"ಯಾವುದಾದರೂ ಅಂದ್ರೆ ಆಮೇಲೆ ತಪ್ಪಾಗುತ್ತೆ ಸಾರ್."

ಅಜಾಗರೂಕತೆ ಎಂದ. ಟಕಟಕ ಮುಂದುವರಿಯಿತು. ಪ್ರತಿ ತೆಗೆದು ತಂದು ಅವನ ಮುಂದೆ ಇಟ್ಟಳು. ಒಂದು ಚುಕ್ಕೆ ಅತ್ತಿತ್ತ ಆಗಿರಲಿಲ್ಲ. ರುಜು ಹಾಕುವಾಗ ಅವಳು ಮೆಲ್ಲಗೆ, ಆವತ್ತಿನ ನಿಮ್ಮ ಕೈಬರಹದ ಕರಡು ಫೈಲಲ್ಲಿದೆ ಸಾರ್, ಅದು ಹಾಗೇ ಇರ್ಲಾ ಎಂದು ಕೇಳಿದಳು. ಅದರಲ್ಲಿ ಬೆದರಿಕೆಯಿರಲಿಲ್ಲ, ವ್ಯಂಗ್ಯವಿರಲಿಲ್ಲ. ಫೈಲು ಯಾವ ಕಪಾಟಿಗೆ ಹೋಗಬೇಕೆಂದು ಕೇಳುವ ದನಿ. ಅಂದರೆ ಅವಳಿಗೆ ಗೊತ್ತು. ಅಂದರೆ ತೆಗೆದು ತೋರಿಸಬಹುದಿತ್ತು, ತೋರಿಸಲಿಲ್ಲ. ಆರು ವರ್ಷ ಹಂಗಾಮಿಯಾಗಿದ್ದವಳಿಗೆ ಕಾರ್ಯದರ್ಶಿಯ ಕಾಗದ ಕಾರ್ಯದರ್ಶಿಯನ್ನು ಕೇಳದೆ ತೆಗೆಯಬಾರದೆಂಬುದು ಬೆರಳುಗಳಿಗೇ ಹತ್ತಿಬಿಟ್ಟಿದೆ. "ಇರಲಿ" ಎಂದ. ಆಗಲಿ ಸಾರ್ ಎಂದಳು. ಮೆಮೊ ಐದೂವರೆಗೆ ಅಧ್ಯಕ್ಷರ ರುಜುವಿಗೆ ಹೋಗುವ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತು.

ಬಾಲದ ಬೀದಿಯಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕಾಯುತ್ತಿತ್ತು. ಬೀದಿಯುದ್ದಕ್ಕೂ ಬಕೆಟ್ಟು, ಕೊಡ, ಡ್ರಮ್ಮು, ಪಾತ್ರೆ, ಒಂದು ಮನೆಯ ಮುಂದೆ ಮಗುವಿನ ಸ್ನಾನದ ಪ್ಲಾಸ್ಟಿಕ್ ತೊಟ್ಟಿ ಕೂಡ ಸಾಲಾಗಿ ಕೂತಿದ್ದವು. ಲೋಕದಲ್ಲಿ ಅಷ್ಟು ಖಾಲಿ ಪಾತ್ರೆಗಳಿವೆಯೆಂದು ಅವನಿಗೆ ಗೊತ್ತಿರಲಿಲ್ಲ. ನೀರುಗಂಟಿ ಕೀಲಿಯನ್ನು ಗುಂಡಿಗೆ ಇಳಿಸಿ ಮೈಭಾರವೆಲ್ಲ ಹಾಕಿ ತಿರುಗಿಸಿದ. ನಲ್ಲಿಗಳು ಮೊದಲು ಬುಸುಗುಟ್ಟಿದವು, ಕೆಮ್ಮಿದವು, ತುಕ್ಕಿನ ಕೆಂಪು ನೀರು ಕಾರಿದವು, ಆಮೇಲೆ ತಿಳಿ ನೀರು ಬಂತು. ಯಾರೋ ಚಪ್ಪಾಳೆ ತಟ್ಟಿದರು. ಇವರೇ ಮೀಟಿಂಗಲ್ಲಿ ಎದ್ದು ನಿಂತು ಮಾತಾಡಿದ್ದಂತೆ, ಇವರಿಲ್ಲದಿದ್ರೆ ಇವತ್ತೂ ಬರ್ತಿರ್ಲಿಲ್ಲ ಎಂದು ಯಾರೋ ಯಾರಿಗೋ ಹೇಳಿದರು. ಒಬ್ಬ ಮುದುಕ ಒದ್ದೆ ಕೈಯಲ್ಲೇ ಅವನ ಕೈ ಹಿಡಿದು, ದೊಡ್ಡ ಮನುಷ್ಯ ನೀವು ಎಂದ. ಅವನು ನೀರುಗಂಟಿಯ ಕಡೆ ನೋಡಿದ. ನೀರುಗಂಟಿ ಗುಂಡಿಯ ಮುಚ್ಚಳದ ಮಣ್ಣು ಒರೆಸುತ್ತಿದ್ದ, ಒರೆಸುತ್ತಲೇ ಇದ್ದ. ಒಂದು ಮಾತು ಹೇಳಿಬಿಡು ಮಾರಾಯ, ಎಲ್ಲರ ಎದುರಿಗೇ ಹೇಳಿಬಿಡು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಆ ಕೆಲಸವನ್ನೂ ಇನ್ನೊಬ್ಬನ ತಲೆಗೇ ಕಟ್ಟುತ್ತಿದ್ದೇನಲ್ಲ ಎಂದು ಆಮೇಲೆ ಹೊಳೆಯಿತು.

ಅಕ್ಕ ಬಾಗಿಲಲ್ಲಿ ನಿಂತು ಬಾ ಎಂದಳು. ಚಪ್ಪಲಿ ಹೊಸಿಲ ಹೊರಗೆ ಬಿಟ್ಟು ಒಳಗೆ ಹೋಗಿ ಕುಕ್ಕರಿಸಿದ. ಒಳಗೆ ಎರಡು ನಲ್ಲಿ ಒಟ್ಟಿಗೆ ಸುರಿಯುತ್ತಿದ್ದವು, ಅಕ್ಕ ಒಂದೊಂದೇ ಪಾತ್ರೆ ಒಡ್ಡಿ ತುಂಬಿ ಸರಿಸುತ್ತಿದ್ದಳು. ಅವಳ ಬಲಗೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಅವನು ಅದನ್ನು ನೋಡಿದ್ದನ್ನು ನೋಡಿ, ಮುಂದಿನ ಬೀದಿಯಿಂದ ಹೊತ್ತು ಹೊತ್ತು ಉಳುಕಿದೆ ಅಷ್ಟೆ ಎಂದಳು. ಅವಳ ಬೆನ್ನಿಗೆ ಹೇಳುವುದು ಸುಲಭವೆನಿಸಿತು. "ಅಕ್ಕ, ಅದನ್ನು ತಪ್ಪು ಬರೆದವನು ನಾನು." ಬಂದೇಬಿಟ್ಟಿತು, ನಾಲ್ಕಕ್ಕೆ ನಾಲ್ಕೂ ಪದ, ಯಾವ ಅಡ್ಡಿಯೂ ಇಲ್ಲದೆ. ಕೇಳಬೇಕಾದವರು ಯಾರೂ ಇಲ್ಲದ ಕಡೆ.

"ಗೊತ್ತು" ಎಂದಳು ಅಕ್ಕ, ಪಾತ್ರೆಯಿಂದ ಕಣ್ಣೆತ್ತದೆ. ನೀರುಗಂಟಿ ಆವತ್ತೇ ಬಂದು ಹೇಳಿದ್ದನಂತೆ. ಬರೆದವರು ನಿಮ್ಮ ತಮ್ಮ, ಕೇಳಿದ್ರೆ ಓದೋಕೆ ಬರಲ್ವಾ ಅಂದ್ರು, ನೀವಾದ್ರೂ ಒಂದು ಮಾತು ಹೇಳಿ ಅಂತ. ಅವಳು ಹೇಳಲಿಲ್ಲ. ತಾನಾಗಿ ನೋಡಿಕೊಳ್ಳುತ್ತಾನೆ, ತಾನಾಗಿ ತಿದ್ದಿಕೊಳ್ಳುತ್ತಾನೆ, ಚಿಕ್ಕಂದಿನಲ್ಲೂ ಹಾಗೇ, ತಿದ್ದೋಕೆ ಹೋದರೆ ಸ್ಲೇಟು ಬಚ್ಚಿಡುತ್ತಿದ್ದ ಎಂದುಕೊಂಡಳಂತೆ. ಅರ್ಜಿ ಬಂದಾಗ ರುಜು ಹಾಕಲಿಲ್ಲ. ಅದಕ್ಕೆ ಎದುರು ಮನೆಯವರು ಮಾತು ಬಿಟ್ಟಿದ್ದಾರೆ. ಹೋಗಲಿ, ಅದೆಲ್ಲ ಈಗ ಯಾಕೆ. ಇದನ್ನೆಲ್ಲ ಅವಳು ಅಡುಗೆ ಹೇಳಿಕೊಡುವಷ್ಟು ಸಹಜವಾಗಿ, ಪಾತ್ರೆ ಬದಲಿಸುತ್ತ ಬದಲಿಸುತ್ತ ಹೇಳಿದಳು. ಅವನು ನೆಲದ ಒಂದು ಬಿರುಕನ್ನು, ಅದರಲ್ಲಿ ಇಳಿದು ಮಾಯವಾಗಲು ಸಾಧ್ಯವೇ ಎಂಬಂತೆ ನೋಡುತ್ತಿದ್ದ. ಎಲ್ಲ ತುಂಬಿದ ಮೇಲೆ ಅಕ್ಕ ನಲ್ಲಿ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಅವನ ಎದುರಿಗೆ ಬಂದು ನಿಂತಳು. ಅವಳ ಮುಖದಲ್ಲಿ ಅವನು ಎಷ್ಟೋ ವರ್ಷಗಳಿಂದ ಕಾಣದ ಒಂದು ಬೆಳಕಿತ್ತು. ಚಿಕ್ಕಂದಿನಲ್ಲಿ ಅವನು ಮೊದಲ ಸಲ ತನ್ನ ಹೆಸರನ್ನು ತಪ್ಪಿಲ್ಲದೆ ಬರೆದು ತೋರಿಸಿದಾಗಿನದು.

"ಅಂತೂ ಇವತ್ತು ಎಲ್ಲರ ಎದುರು ಹೇಳಿದೆಯಲ್ಲ. ತುಂಬ ಬೈದ್ರಾ?"

"ಇಲ್ಲ."

"ಸ್ವಲ್ಪನಾದ್ರೂ ಬೈದಿರ್ತಾರೆ. ನಾಲ್ಕೂವರೆ ತಿಂಗಳು ಅಂದ್ರೆ ಸುಮ್ನೆನಾ."

"ಇಲ್ಲ ಅಕ್ಕ. ನನಗೆ ಏನೂ ಅನ್ನಲಿಲ್ಲ."

ಅಕ್ಕ ಒರೆಸುತ್ತಿದ್ದ ಕೈ ನಿಲ್ಲಿಸಿದಳು. ಹೊರಗೆ ಬೀದಿಯಲ್ಲಿ ಯಾರೋ ಯಾರ ಮೇಲೋ ನೀರು ಎರಚಿ ನಗುತ್ತಿದ್ದರು.

"ಮತ್ತೆ ಯಾರಿಗೆ ಅಂದ್ರು?"

ಅವನು ಹೇಳಿದ. ಟೈಪ್ ಮಾಡುವವಳು, ಮೆಮೊ, ಖಾಯಂ ಪಟ್ಟಿ, ಅವಳೇ ಟೈಪು ಮಾಡಿದ್ದು, ಯಾವ ಪದ ಹಾಕಲಿ ಎಂದು ಕೇಳಿದ್ದು. ಎಲ್ಲವನ್ನೂ, ಯಾರು ಏನು ಮಾಡಿದರೆಂದು ಒಂದೊಂದಾಗಿ ಹೇಳಿದ. ಹೇಳುತ್ತ ಹೋದಂತೆ ಅಕ್ಕನ ಮುಖದ ಬೆಳಕು ಕಾಣಕಾಣುತ್ತಿದ್ದಂತೆಯೇ ಆರುತ್ತಿತ್ತು, ಅವನಿಗೆ ಅದನ್ನು ನೋಡುವುದಲ್ಲದೆ ಬೇರೆ ಏನೂ ಮಾಡುವಂತಿರಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಅವಳ ಕಾಲು ಹಿಡಿದುಕೊಂಡು ಅತ್ತು ಹಗುರಾಗಿಬಿಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ.

"ಆ ಕಾಗದಕ್ಕೆ ದೊಡ್ಡವರ ರುಜು ಆಯ್ತಾ?"

"ಐದೂವರೆಗೆ ಆಗುತ್ತೆ."

ಅಕ್ಕ ಗೋಡೆಯ ಗಡಿಯಾರ ನೋಡಿದಳು. ಐದಕ್ಕೆ ಹತ್ತು ನಿಮಿಷವಿತ್ತು. ಏಳು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹೊಸಿಲು ದಾಟಿ, ಹೊರಗೆ ಬಿದ್ದಿದ್ದ ಅವನ ಚಪ್ಪಲಿಗಳನ್ನು ಕಾಲಿನಿಂದಲೇ ಸರಿಸಿ, ಬೀದಿಯ ಕಡೆ ಮುಖ ಮಾಡಿ ಜೋಡಿಸಿಟ್ಟು, ದಾರಿ ಬಿಟ್ಟು ನಿಂತಳು.